ಮುಖವಾಡದೊಳಗಿನ ಕೆಂಪು ಬೆಳಕು

ಕಳೆದ ದೀಪಾವಳಿಗೆ ಅಮೆರಿಕೆಯಿಂದ ಊರಿಗೆ ಬಂದ ನಮ್ಮ ಮಗಳು, ಮೊಮ್ಮಕ್ಕಳ ಭಾವಚಿತ್ರಗಳ ಜೊತೆಗೆ ಒಂದು ವಿಚಿತ್ರ ವಸ್ತುವನ್ನು ನಮ್ಮ ಕೈಗಿತ್ತಳು. ಮೆತ್ತನೆಯ ರಬ್ಬರಿನಂಥ ಪದಾರ್ಥದಿಂದ ಮಾಡಿದ ಮುಖವಾಡ. ಕಣ್ಣು, ಬಾಯಿಗಳ ಸ್ಥಾನದಲ್ಲಿ ರಂಧ್ರಗಳು. ಒಳಮೈಯಲ್ಲಿ ಸಾಸಿವೆ ಕಾಳಿನಂತೆ ಸಾಲಾಗಿ ಕುಳಿತ ನೂರಾರು ಚಿಕ್ಕ ದೀಪಗಳು. ಗುಂಡಿ ಒತ್ತಿದೊಡನೆ ಅವೆಲ್ಲವೂ ಕೆಂಪಾಗಿ ಬೆಳಗುತ್ತವೆ. ದಿನಕ್ಕೆ ಹತ್ತು ನಿಮಿಷ ಇದನ್ನು ಧರಿಸಿ ಕುಳಿತರೆ ಮುಖದ ಸುಕ್ಕು, ಕಲೆ, ಬಾಡುವಿಕೆ ಎಲ್ಲವೂ ಹೋಗಿ ಚರ್ಮವು ಹೊಸತಾಗುವುದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಬೆಲೆ ಸುಮಾರು 350 ಡಾಲರು. ನಮ್ಮ ರೂಪಾಯಿಗೆ ಪರಿವರ್ತಿಸಿ ಕೇಳಿದ ಅತ್ತೆಯವರು ಒಂದು ಗಳಿಗೆ ಮಾತೇ ಆಡಲಿಲ್ಲ.

ಎರಡನೆಯ ಬಸಿರಿನ ಕಾಲದಲ್ಲಿ ನಮ್ಮ ಎರಡೂ ಕೆನ್ನೆಗಳ ಮೇಲೆ ಮೂಡಿದ ಬಂಗು ಇಂದಿಗೂ ಹೋಗಿಲ್ಲ. ಅರಿಷಿಣ, ಗಂಧ, ಕಡಲೆಹಿಟ್ಟು, ಯಾರೋ ಹೇಳಿದ ಲೇಪನ, ಎಲ್ಲವೂ ಆಗಿದ್ದವು. ಅದನ್ನು ನೋಡಿಯೇ ಮಗಳು ಈ ಸಾಧನವನ್ನು ತಂದಿದ್ದಳು. ಇಂತಹ ಮುಖವಾಡಗಳು ಈಗ ನಮ್ಮ ದೇಶದಲ್ಲಿಯೂ ಕೆಲವು ಸಾವಿರ ರೂಪಾಯಿಗಳಿಂದ ಮೊದಲ್ಗೊಂಡು ದೊರೆಯುತ್ತಿವೆ; ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇವುಗಳ ಮಾತು ಕೇಳಿಬರುತ್ತಿದೆ. ಆದುದರಿಂದ ನಮ್ಮ ಮನೆಯಲ್ಲಿ ಮೂರು ತಿಂಗಳು ನಡೆದುದನ್ನು ನಮ್ಮ ಸೋದರಿಯರ ಮುಂದಿಡುವುದು ಉಚಿತವೆಂದು ತೋರಿತು.

ಬೆಳಕಿನಿಂದ ಚಿಕಿತ್ಸೆ ಎಂಬುದು ನಿನ್ನೆ ಮೊನ್ನೆಯ ವಿಚಾರವಲ್ಲ. ಫಾರೋ ದ್ವೀಪಗಳಲ್ಲಿ 1860ರಲ್ಲಿ ಜನಿಸಿದ ನೀಲ್ಸ್ ಫಿನ್ಸೆನ್ ಎಂಬ ವೈದ್ಯನು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಚರ್ಮದ ಕ್ಷಯರೋಗಕ್ಕೆ ಪ್ರಖರ ಬೆಳಕನ್ನು ಪ್ರಯೋಗಿಸಿ, ಅದಕ್ಕಾಗಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದರೆ ಅವನು ಆ ರೋಗಕ್ಕೆ ಬಳಸಿದ್ದು ನೇರಳೆ ಮತ್ತು ಅದರಾಚೆಯ ಕಿರಣಗಳನ್ನು, ಕೆಂಪನ್ನಲ್ಲ. ಕೆಂಪು ಬೆಳಕಿನ ಕಥೆ ಆರಂಭವಾದದ್ದು ಹಂಗೇರಿಯ ಬುಡಾಪೆಸ್ಟಿನಲ್ಲಿ, ಅದೂ ಆಕಸ್ಮಿಕವಾಗಿ. ಎಂಡ್ರೆ ಮೆಸ್ಟರ್ ಎಂಬ ವೈದ್ಯನು 1967ರಲ್ಲಿ, ಆಗತಾನೇ ಬಂದಿದ್ದ ಲೇಸರ್ ಕಿರಣಗಳಿಂದ ಅರ್ಬುದ ರೋಗ ಬರುವುದೇ ಎಂದು ತಿಳಿಯಲು ಇಲಿಗಳ ಬೆನ್ನಿನ ಕೂದಲು ಬೋಳಿಸಿ, ಮಂದವಾದ ಕೆಂಪು ಲೇಸರನ್ನು ಹಾಯಿಸಿದನು. ರೋಗವೇನೂ ಬರಲಿಲ್ಲ, ಬದಲಿಗೆ ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗನೆ ಬೆಳೆಯಿತು. ಮುಂದೆ ಗಾಯ ಮಾಯುವಿಕೆಯ ಮೇಲೆ ಅವನ ಲಕ್ಷ್ಯ ಹರಿಯಿತು. 1990ರ ದಶಕದಲ್ಲಿ ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾ, ವ್ಯೋಮನೌಕೆಯಲ್ಲಿ ಸಸಿಗಳನ್ನು ಬೆಳೆಸಲೆಂದು ಎಲ್‌ಇಡಿ ದೀಪಗಳ ಅಭಿವೃದ್ಧಿಗೆ ನೆರವು ನೀಡಿತು. ಅದೇ ದೀಪಗಳನ್ನು ವಿಸ್ಕಾನ್ಸಿನ್ ರಾಜ್ಯದ ವೈದ್ಯರು ಗಾಯಗಳ ಮೇಲೆ ಪರೀಕ್ಷಿಸಿದರು. ಹೀಗೆ ಆಸ್ಪತ್ರೆಯಿಂದ ಸೌಂದರ್ಯ ಮಂದಿರಕ್ಕೆ, ಅಲ್ಲಿಂದ ಮನೆಯ ಕಪಾಟಿಗೆ ಈ ಬೆಳಕು ಇಳಿದು ಬಂದಿದೆ.

ಇದು ಕೆಲಸ ಮಾಡುವ ಬಗೆಯನ್ನು ವಿಜ್ಞಾನಿಗಳು ಹೀಗೆ ವಿವರಿಸುತ್ತಾರೆ. ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ; ಕೋಶಕ್ಕೆ ಬೇಕಾದ ಶಕ್ತಿ ಅಲ್ಲಿ ಸಿದ್ಧವಾಗುತ್ತದೆ. ಆ ಒಲೆಯಲ್ಲಿರುವ ಒಂದು ಕಿಣ್ವವು ಕೆಂಪು ಮತ್ತು ಅದರಾಚೆಯ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೀರಿಕೊಂಡು ಚುರುಕಾಗುತ್ತದೆ, ಅದರಿಂದ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರು ಹೆಚ್ಚು ತಯಾರಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪಿದ ಊಹೆ. ಮುಖವಾಡಗಳಲ್ಲಿ ಸಾಮಾನ್ಯವಾಗಿ 630ರಿಂದ 660 ನ್ಯಾನೋಮೀಟರಿನ ಕೆಂಪು, 830ರ ಆಸುಪಾಸಿನ ಅವಕೆಂಪು ಕಿರಣಗಳಿರುತ್ತವೆ. ಬಿಸಿಲಿನಲ್ಲಿ ಚರ್ಮವನ್ನು ಸುಡುವ ಅತಿನೇರಳೆ ಕಿರಣ ಇವುಗಳಲ್ಲಿಲ್ಲ.

ನೆರೆಮನೆಯ ಸೋದರಿಯೊಬ್ಬರು, "ಹಂಗಾದ್ರ ದೇವರ ಕೋಣಿಯೊಳಗಿನ ಕೆಂಪು ಜೀರೋ ಬಲ್ಬು ಸಾಲಂಗಿಲ್ಲೇನ್ರಿ?" ಎಂದು ಕೇಳಿದರು. ಪ್ರಶ್ನೆ ನಗುವಂಥದಲ್ಲ. ಬಣ್ಣ ಕೆಂಪಾಗಿದ್ದರೆ ಸಾಲದು, ಚರ್ಮಕ್ಕೆ ತಲುಪುವ ಪ್ರಮಾಣ ಮುಖ್ಯ. ಒಂದು ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟಿನಂತೆ ಹತ್ತು ನಿಮಿಷ ಬೆಳಕು ಬಿದ್ದರೆ 18 ಜೂಲಿನಷ್ಟು ಶಕ್ತಿ ಸೇರುತ್ತದೆ. ದೂರದಲ್ಲಿ ತೂಗುವ ಬಲ್ಬಿನಿಂದ ಅದರ ಲೇಶವೂ ಸೇರದು. ಹಾಗೆಂದು ಹೆಚ್ಚು ಬಿದ್ದಷ್ಟೂ ಹೆಚ್ಚು ಲಾಭವೆಂದೂ ಅಲ್ಲ. ಒಂದು ಮಿತಿಯಾಚೆ ಪರಿಣಾಮವು ಕುಗ್ಗಿ, ತಿರುಗುಮುರುಗಾಗಬಹುದೆಂದು ಪ್ರಯೋಗಗಳು ತೋರಿಸಿವೆ. ಉಪ್ಪಿನ ಹದದಂತೆ ಇದಕ್ಕೂ ಒಂದು ಹದವುಂಟು. ಈ ಮಾತನ್ನು ನಾವು ಮೊದಲೇ ಮನೆಯ ಮಕ್ಕಳಿಗೆ ಹೇಳಬೇಕಿತ್ತು, ಹೇಳಲಿಲ್ಲ.

ನಮ್ಮ ಪರೀಕ್ಷೆಯ ಕ್ರಮ ಹೀಗಿತ್ತು. ವಾರದಲ್ಲಿ ಐದು ದಿನ, ಸ್ನಾನ-ಪೂಜೆಗೆ ಮುಂಚೆ, ಮುಖ ತೊಳೆದು ಒರೆಸಿಕೊಂಡು ಹತ್ತು ನಿಮಿಷ ಕೂಡುವುದು. ಹಿಂದಿನ ದಿನದ ವಿಭೂತಿ ಹಣೆಯ ಮೇಲೆ ಉಳಿದಿದ್ದರೆ ತೊಳೆಯಲೇಬೇಕು, ಏಕೆಂದರೆ ಭಸ್ಮವು ಬೆಳಕನ್ನು ತಡೆಯುತ್ತದೆ. ಕಣ್ಣಿಗೆ ಪೆಟ್ಟಿಗೆಯಲ್ಲಿ ಬಂದ ಕಪ್ಪು ಮುಚ್ಚಳ. ಕೇವಲ ನಂಬಿಕೆಯಿಂದ ಮೋಸ ಹೋಗಬಾರದೆಂದು, ಮುಖವಾಡದ ಎಡಭಾಗದ ಒಳಗೆ ಎರಡು ಪದರು ಕಪ್ಪು ಬಟ್ಟೆಯನ್ನು ಹೊಲಿದೆವು. ಬೆಳಕು ಬಲಗೆನ್ನೆಗೆ ಮಾತ್ರ, ಎಡಗೆನ್ನೆ ಸಾಕ್ಷಿಗೆ. ಪ್ರತಿ ರವಿವಾರ ಪಡಸಾಲೆಯ ಅದೇ ಕಿಟಕಿಯ ಬಳಿ, ಅದೇ ವೇಳೆಗೆ ಯಜಮಾನರು ಎರಡೂ ಕೆನ್ನೆಗಳ ಚಿತ್ರ ತೆಗೆದರು.

ಮೊದಲ ದಿನ ನಮ್ಮನ್ನು ಕಂಡ ಅತ್ತೆಯವರು, "ಏನವಾ ಇದು? ಹಗಲುವೇಷದವರ ಗತೆ ಕುಂತೀಯಲ್ಲ!" ಎಂದರು. ಹಾಲು ಹಾಕುವ ಹುಡುಗ ಎರಡು ದಿನ ಒಳಗೆ ಬರಲೇ ಇಲ್ಲ.

ಆರು ವಾರಗಳಾದ ಮೇಲೆ ಬಲಗಣ್ಣಿನ ಬದಿಯ ಸುಕ್ಕುಗಳು ತುಸು ಮೆತ್ತಗಾದಂತೆ ನಮ್ಮ ಬೆರಳಿಗೆ ಅನ್ನಿಸಿತು. ಸಂತೋಷವೇ ಆಯಿತು. ಆದರೆ ಯಾವ ಕೆನ್ನೆ ಎಂದು ಹೇಳದೆ, ಚಿತ್ರಗಳನ್ನು ಹಿಂದುಮುಂದು ಮಾಡಿ ತೋರಿಸಿದಾಗ ಯಜಮಾನರೂ ಗುರುತಿಸಲಿಲ್ಲ, ಅತ್ತೆಯವರೂ ಗುರುತಿಸಲಿಲ್ಲ. ಬೆರಳಿಗೆ ಯಾವ ಕೆನ್ನೆ ಎಂಬುದು ಮೊದಲೇ ಗೊತ್ತಿತ್ತಲ್ಲ! 2014ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ 136 ಜನ ಪಾಲ್ಗೊಂಡಿದ್ದರು. ಅವರಲ್ಲಿ ಬೆಳಕು ಪಡೆದವರ ಚರ್ಮದ ಒರಟುತನ ತಗ್ಗಿ ಕೊಲಾಜೆನ್ ಹೆಚ್ಚಿದ್ದು ಅಳತೆಗೆ ಸಿಕ್ಕಿತು. ಆದರೆ ಅಲ್ಲಿ ಬಳಸಿದ್ದು ಮೈಯೆಲ್ಲ ಬೆಳಗುವ ದೊಡ್ಡ ದೀಪಗಳ ಹಾಸಿಗೆಯನ್ನು, ಮನೆಯ ಮುಖವಾಡವನ್ನಲ್ಲ. ಸುಕ್ಕಿನ ಮಟ್ಟಿಗೆ ಅಲ್ಪ ಸ್ವಲ್ಪ ಲಾಭವಿರಬಹುದು, ಅದೂ ತಿಂಗಳುಗಟ್ಟಲೆ ಬಿಡದೆ ಮಾಡಿದರೆ, ಎಂಬುದಕ್ಕಿಂತ ಹೆಚ್ಚು ನಾವು ಹೇಳಲಾರೆವು.

ಬಂಗಿನ ವಿಷಯ ಬೇರೆ. ಒಂಬತ್ತನೆಯ ವಾರ ಅತ್ತೆಯವರೇ, "ಬಲಗಲ್ಲ ಕಪ್ಪ ಆಗೇದ ನೋಡು" ಎಂದರು. ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ನಿಜ. ಮೊದಲಿಗಿಂತ ಒಂದು ಛಾಯೆ ಗಾಢವಾಗಿತ್ತು. ಎಡಗೆನ್ನೆ ಇದ್ದ ಹಾಗೆಯೇ ಇತ್ತು. ಚರ್ಮವೈದ್ಯರನ್ನು ಕಂಡೆವು. ಬಂಗು ಇರುವವರಿಗೆ ಶಾಖವೂ ಆಗದು, ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀಲಿ-ನೇರಳೆಯ ಭಾಗ ಮತ್ತೂ ಆಗದು, ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಪ್ಪು ಬೇಗ ಏರುತ್ತದೆ ಎಂದು ಅವರು ವಿವರಿಸಿದರು. ಮುಖವಾಡವು ಮುಖಕ್ಕೆ ಒತ್ತಿ ಕುಳಿತು ಬೆಚ್ಚಗಾಗುವುದೇ ಕಾರಣವಿರಬಹುದು ಎಂಬುದು ಅವರ ಅನುಮಾನ, ಖಚಿತವೆನ್ನಲಿಲ್ಲ. ಒಬ್ಬರ ಕೆನ್ನೆಯಿಂದ ಶಾಸ್ತ್ರ ಸಿದ್ಧವಾಗದೆಂಬುದನ್ನು ನಾವೂ ಬಲ್ಲೆವು. ಆದರೂ ಒಂದು ಮಾತು ಗಮನಾರ್ಹ: ಅಮೆರಿಕದಲ್ಲಿ ಕೆಂಪು ಎಲ್‌ಇಡಿಯ ಸುರಕ್ಷಿತ ಮಿತಿಯನ್ನು ಅಳೆದಾಗ, ಬಿಳಿಯರು ಚದರ ಸೆಂಟಿಮೀಟರಿಗೆ 480 ಜೂಲ್ ತಡೆದರೆ, ಬಣ್ಣದ ಚರ್ಮದವರಿಗೆ ಗೊತ್ತುಮಾಡಿದ ಮಿತಿ 320. ಮನೆಯ ಸಾಧನಗಳು ಇದಕ್ಕಿಂತ ಬಹಳ ಕೆಳಗಿವೆ, ಭಯಪಡಬೇಕಿಲ್ಲ. ಆದರೆ ಬಿಳಿಯ ಮುಖದ ಲೆಕ್ಕವೇ ನಮ್ಮ ಮುಖದ ಲೆಕ್ಕವಲ್ಲ ಎಂಬುದು ಇದರಿಂದ ಸ್ಪಷ್ಟ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ನಮ್ಮ ಮೈದುನನ ಮಗಳು ಕಾಲೇಜಿನ ಓದಿಗಾಗಿ ನಮ್ಮಲ್ಲಿಯೇ ಇದ್ದಾಳೆ. ಮುಖದ ತುಂಬ ಮೊಡವೆ. ಅದಕ್ಕೆ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರು. ಸಂಕ್ರಾಂತಿಯ ನಂತರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಗಿತ್ತು. ಹುಡುಗಿಯ ಭಾವಚಿತ್ರ ಕಂಡ ಮಧ್ಯಸ್ಥರು, "ಎಲ್ಲಾ ಛಲೋ ಅದ, ಮಾರೀ ಒಂಚೂರು ತಿಳಿ ಆಗಬೇಕಿತ್ತು" ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ನಮಗೆ ತಿಳಿಯಲಿಲ್ಲ. ಮುಖವಾಡದಲ್ಲಿ ಮೊಡವೆಗೆಂದು ನೀಲಿ ಬೆಳಕಿನ ಗುಂಡಿಯೂ ಇತ್ತು. ಬೆಳಗಿನ ಐದಕ್ಕೆ ಎದ್ದು, ಹತ್ತು ನಿಮಿಷದ ಬದಲು ನಲವತ್ತು ನಿಮಿಷ, ಕಣ್ಣಿನ ಮುಚ್ಚಳವಿಲ್ಲದೆ, ಓದುತ್ತ ಅದನ್ನು ಧರಿಸಿ ಕೂಡತೊಡಗಿದಳು.

ಒಂದು ಮುಂಜಾನೆ ಪೂಜೆಗೆ ಕುಳಿತವಳು ನಡುವೆಯೇ ಎದ್ದು ಬಂದು, "ದೊಡ್ಡವ್ವಾ, ಲಿಂಗದ ಮ್ಯಾಲೆ ದೃಷ್ಟಿ ನಿಲ್ಲವಲ್ದು. ಕಣ್ಣಮುಂದ ಬಣ್ಣದ ಚುಕ್ಕಿ ಓಡ್ಯಾಡತಾವ" ಎಂದಳು. ಮುಖವೆಲ್ಲ ಕೆಂಪಾಗಿ ಉರಿಯುತ್ತಿತ್ತು. ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ಎವೆಯಿಕ್ಕದೆ ನೋಡುವ ಅಭ್ಯಾಸವಿಲ್ಲದ ಮನೆಯಾಗಿದ್ದರೆ, ಅವಳು ಇನ್ನೂ ಎಷ್ಟು ದಿನ ಮುಚ್ಚಿಟ್ಟುಕೊಳ್ಳುತ್ತಿದ್ದಳೋ ತಿಳಿಯದು.

ಅಂದೇ ವೈದ್ಯರಲ್ಲಿಗೆ ಕರೆದೊಯ್ದೆವು. ಡಾಕ್ಸಿಸೈಕ್ಲಿನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಔಷಧ. ಅದನ್ನು ಸೇವಿಸುವಾಗ ಬಿಸಿಲಿನಿಂದಲೂ ದೂರವಿರಬೇಕು, ಇಂತಹ ಸಾಧನವನ್ನಂತೂ ಕೇಳದೆ ಬಳಸಬಾರದು. ಹೀಗೆ ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಔಷಧಗಳು ಇನ್ನೂ ಹಲವಿವೆ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದರಲ್ಲಿ ಸೇರಿವೆ. ಲೂಪಸ್ ರೋಗವಿದ್ದವರು, ಕಣ್ಣಿನ ಅಕ್ಷಿಪಟಲದ ಬೇನೆಯಿದ್ದವರು ಇದರ ಗೋಜಿಗೆ ಹೋಗಬಾರದು. ಅಮೆರಿಕದ ಒಂದು ಹೆಸರಾಂತ ಸಂಸ್ಥೆಯು 2019ರಲ್ಲಿ ಇದೇ ಕಾರಣಕ್ಕೆ, ಕೆಲವು ಬಗೆಯ ಕಣ್ಣಿನ ತೊಂದರೆಯುಳ್ಳವರಿಗೂ ಇಂತಹ ಔಷಧ ಸೇವಿಸುವವರಿಗೂ ಅಪಾಯವಾದೀತೆಂಬ ಮುನ್ನೆಚ್ಚರಿಕೆಯಿಂದ, ತನ್ನ ಮೊಡವೆ ಮುಖವಾಡಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ನೇತ್ರವೈದ್ಯರೂ ಹುಡುಗಿಯನ್ನು ಪರೀಕ್ಷಿಸಿದರು. ಶಿವನ ದಯೆಯಿಂದ ಅಕ್ಷಿಪಟಲಕ್ಕೆ ಏನೂ ಆಗಿರಲಿಲ್ಲ. ಮುಖದ ಉರಿ ನಾಲ್ಕು ದಿನಕ್ಕೆ ಇಳಿಯಿತು.

ಪೆಟ್ಟಿಗೆಯ ಮೇಲೆ ಅಮೆರಿಕ ಸರಕಾರದ ಔಷಧ ಆಡಳಿತದ ಅನುಮತಿ ಉಂಟೆಂದು ದೊಡ್ಡದಾಗಿ ಬರೆದಿತ್ತು. ಅದರ ಅರ್ಥವನ್ನೂ ನಾವು ಆಮೇಲೆ ತಿಳಿದೆವು. ಇಂತಹ ಸಾಧನಗಳಿಗೆ ದೊರೆಯುವ ಆ ಅನುಮತಿ, ಈಗಾಗಲೇ ಮಾರುಕಟ್ಟೆಯಲ್ಲಿರುವ ಮತ್ತೊಂದು ಸಾಧನಕ್ಕೆ ಇದು ಸಮಾನವಾಗಿದೆ ಎಂಬುದನ್ನು ಒಪ್ಪಿಕೊಂಡದ್ದು. ಹೊಸ ಔಷಧಕ್ಕೆ ಕೇಳುವಷ್ಟು ಪುರಾವೆಯನ್ನು ಅದಕ್ಕೆ ಕೇಳುವುದಿಲ್ಲ.

ಗಂಡಿನ ಕಡೆಯವರಿಗೆ ಹದಿನೈದು ದಿನ ತಡವಾಗಿ ಬರಲು ಹೇಳಿ ಕಳಿಸೋಣವೆಂದು ಮೈದುನನವರು ಅಂದರು. ಅತ್ತೆಯವರು ಒಪ್ಪಲಿಲ್ಲ. ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು, "ತಂಗೀ, ನನ್ನ ನೋಡಾಕ ಬಂದಾಗ ನನ್ನ ಮಾರಿ ತುಂಬ ಸಿಡುಬಿನ ಕಲಿ ಇದ್ವು. ನಿಮ್ಮಜ್ಜ ನೋಡೇ ಹ್ಞೂಂ ಅಂದಿದ್ದು. ಇದ್ದ ಮಾರಿ ತೋರಸು" ಎಂದರು. ಅತ್ತೆಯವರ ಮುಖದ ಮೇಲಿನ ಕಲೆಗಳನ್ನು ಮೂವತ್ತು ವರ್ಷದಿಂದ ದಿನವೂ ನೋಡುತ್ತ ಬಂದಿದ್ದೇವೆ. ಅವುಗಳ ಬಗ್ಗೆ ಅವರು ಮಾತನಾಡಿದ್ದನ್ನು ಕೇಳಿದ್ದು ಅಂದೇ ಮೊದಲು.

ಅವರು ಬಂದರು, ನೋಡಿದರು, ಉಪ್ಪಿಟ್ಟು-ಶಿರಾ ತಿಂದು ಹೋದರು. ಆ ಸಂಬಂಧ ಕೂಡಲಿಲ್ಲ. ಕಾರಣ ಮುಖವೋ ವರೋಪಚಾರದ ಮಾತೋ ನಾವು ಕೇಳಲು ಹೋಗಲಿಲ್ಲ. ಹುಡುಗಿ ಒಂದು ದಿನ ಅತ್ತು, ಮರುದಿನ ಪರೀಕ್ಷೆಯ ಶುಲ್ಕ ಕಟ್ಟಿ ಬಂದಳು. ವೈದ್ಯರು ಬರೆದುಕೊಟ್ಟ ಮಾತ್ರೆ ಮತ್ತು ಲೇಪನದಿಂದ ಅವಳ ಮೊಡವೆಗಳು ಈಗ ಬಹುಮಟ್ಟಿಗೆ ಇಳಿದಿವೆ. ನಮಗೆ ಬಿಸಿಲು ತಡೆಯುವ ಕ್ರೀಮು, ಅದೂ ಕಬ್ಬಿಣದ ಆಕ್ಸೈಡ್ ಬೆರೆತು ತುಸು ಕಂದಾಗಿರುವ ಬಗೆಯದನ್ನು, ಮನೆಯಲ್ಲಿದ್ದಾಗಲೂ ಹಚ್ಚಲು ಹೇಳಿದ್ದಾರೆ. ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುವುದಂತೆ. ಎರಡು ತಿಂಗಳಲ್ಲಿ ಬಲಗೆನ್ನೆ ಎಡಗೆನ್ನೆಗೆ ಸರಿಸಮವಾಗಿದೆ.

ಮುಖವಾಡವು ಕಪಾಟಿನ ಮೇಲಿನ ಹಲಗೆಯಲ್ಲಿದೆ. ಜೀರೋ ಬಲ್ಬಿನ ಮಾತು ಕೇಳಿದ್ದ ನೆರೆಮನೆಯವರು ಹೋದ ವಾರ ಅದನ್ನು ಎರವಲು ಕೇಳಿದರು. ಅವರು ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ವಿಚಾರಿಸಿದಾಗ, ಬಿ.ಪಿ. ಮಾತ್ರೆಯ ಚೀಟಿಯನ್ನು ತಂದು ತೋರಿಸಿದರು. ಚೀಟಿಯನ್ನು ವೈದ್ಯರಿಗೆ ತೋರಿಸಿಕೊಂಡು ಬನ್ನಿ, ಆಮೇಲೆ ಕೊಡುತ್ತೇವೆ ಎಂದಿದ್ದೇವೆ. ಅವರು ಇನ್ನೂ ಬಂದಿಲ್ಲ.