ಎ ಅಲ್ಲ, ಬಿ ಅಲ್ಲ

ಹೃದಯದ ಕವಾಟ ಸರಿಯಾಗಿತ್ತು, ಎದೆಯ ಹೊಲಿಗೆಯೂ ಒಣಗಿತ್ತು. ರೋಗಿ ಮನೆ ಸೇರಿ ಕೆಲವು ವಾರಗಳಾಗಿರಲಿಲ್ಲ, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಯಿತು. ಈ ಸಲ ಬಂದದ್ದು ಹೃದಯಕ್ಕಾಗಿ ಅಲ್ಲ, ಲಿವರ್‌ಗಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ಪಾಡು ಹೀಗೇ ಆಗುತ್ತಿತ್ತು. ಕೆಲವರ ಕಣ್ಣು ಅರಿಶಿನ ಬಣ್ಣಕ್ಕೆ ತಿರುಗುತ್ತಿತ್ತು. ಹೆಚ್ಚಿನವರಿಗೆ ಅದೂ ಇಲ್ಲ, ಸ್ವಲ್ಪ ಸುಸ್ತು, ಅಷ್ಟೇ. ರಕ್ತ ಪರೀಕ್ಷೆ ಮಾಡಿದಾಗಲೇ ಲಿವರ್ ಒಳಗೊಳಗೇ ಬೇಯುತ್ತಿರುವುದು ಗೊತ್ತಾಗುತ್ತಿತ್ತು. ಪ್ರಾಣ ಉಳಿಸಲೆಂದು ಏರಿಸಿದ ರಕ್ತವೇ ಮೈಯೊಳಗೆ ಇನ್ನೇನನ್ನೋ ಬಿಟ್ಟುಹೋಗಿತ್ತು.

ಆ ಸಂಸ್ಥೆಯ ಬ್ಲಡ್ ಬ್ಯಾಂಕಿನಲ್ಲಿದ್ದ ಹಾರ್ವೆ ಆಲ್ಟರ್ ಎಂಬ ವೈದ್ಯರು ಈ ರೋಗಿಗಳ ಲೆಕ್ಕ ಇಡಲು ಕುಳಿತರು. ಯಾರಿಗೆ ಯಾರ ರಕ್ತ ಹೋಯಿತು, ಎಷ್ಟು ವಾರಕ್ಕೆ ಲಿವರ್ ಕೆಟ್ಟಿತು ಎಂಬುದನ್ನೆಲ್ಲ ಬರೆದಿಟ್ಟರು. ಶಸ್ತ್ರಚಿಕಿತ್ಸೆಗೆ ಮೊದಲು ಒಂದಿಷ್ಟು ರಕ್ತ, ಆಮೇಲೆ ಮತ್ತೆ ಮತ್ತೆ ಒಂದಿಷ್ಟು ರಕ್ತ ಸಂಗ್ರಹಿಸಿ, ಕೊಟ್ಟವರ ರಕ್ತವನ್ನೂ ಸೇರಿಸಿ, ಎಲ್ಲವನ್ನೂ ಫ್ರೀಜರಿನಲ್ಲಿಟ್ಟರು. ಅದು ಏನಕ್ಕೆ ಬೇಕಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಈ ಕತೆಯಲ್ಲಿ ಬಹಳಷ್ಟು ಜನ ಬಹಳಷ್ಟು ಜಾಣತನ ತೋರಿಸಿದರು. ಆದರೆ ಕೊನೆಗೆ ತೀರ್ಪು ಕೊಟ್ಟದ್ದು ಆ ಫ್ರೀಜರಿನಲ್ಲಿದ್ದ ಹೆಪ್ಪುಗಟ್ಟಿದ ಸೀಸೆಗಳೇ.

ಆಲ್ಟರ್‌ಗೆ ಅದೃಷ್ಟ ಒಮ್ಮೆ ಒಲಿದಿತ್ತು. 1960ರ ದಶಕದ ಮೊದಲ ಭಾಗದಲ್ಲಿ ಅವರು ಇನ್ನೂ ಎಳೆಯ ಸಂಶೋಧಕರಾಗಿದ್ದಾಗ, ಬರೂಕ್ ಬ್ಲುಂಬರ್ಗ್ ಎಂಬ ವಿಜ್ಞಾನಿಯ ಜೊತೆ ಸೇರಿ ಮನುಷ್ಯರ ರಕ್ತದಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹುಡುಕುತ್ತಿದ್ದರು. ಅಗರ್ ಲೋಳೆಯ ತಟ್ಟೆಯಲ್ಲಿ ಗುಳಿ ಮಾಡಿ, ಒಂದರಲ್ಲಿ ಹಲವು ಸಲ ರಕ್ತ ಪಡೆದ ರೋಗಿಯ ಸೀರಂ, ಇನ್ನೊಂದರಲ್ಲಿ ಜಗತ್ತಿನ ಯಾವುದೋ ಮೂಲೆಯ ಮನುಷ್ಯನ ಸೀರಂ ಹಾಕಿ ಕಾಯುವುದು ಅವರ ಕೆಲಸ. ಒಂದು ದಿನ ಹಿಮೋಫಿಲಿಯಾ ರೋಗಿಯೊಬ್ಬರ ಸೀರಂಗೂ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ಸೀರಂಗೂ ನಡುವೆ ಒಂದು ತೆಳು ಗೆರೆ ಮೂಡಿತು. ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಎಂದು ಅದಕ್ಕೆ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಕಾಮಾಲೆಯನ್ನು ಹುಡುಕಿ ಹೊರಟವರಲ್ಲ ಅವರು. ಆದರೆ ಸಿಕ್ಕಿದ್ದು ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಎಂದು ಆಮೇಲೆ ತಿಳಿಯಿತು.

ಬಿ ಸಿಕ್ಕ ಮೇಲೆ ರಕ್ತದಿಂದ ಬರುವ ಕಾಮಾಲೆಯ ಕತೆ ಮುಗಿದಂತೆಯೇ ಎಂದು ಅನೇಕರು ನಂಬಿದರು. ದುಡ್ಡಿಗಾಗಿ ರಕ್ತ ಮಾರುವವರನ್ನು ಬೆಥೆಸ್ಡಾದಲ್ಲಿ ಕೈಬಿಡಲಾಯಿತು, ಬಿ ವೈರಸ್ಸಿನ ಪರೀಕ್ಷೆಯೂ ಶುರುವಾಯಿತು. ನೂರಕ್ಕೆ ಮೂವತ್ತಿದ್ದದ್ದು ಸುಮಾರು ಹತ್ತಕ್ಕೆ ಇಳಿಯಿತು. ಇಳಿದು ಅಲ್ಲೇ ನಿಂತಿತು. ಉಳಿದ ಆ ಹತ್ತು ಮಂದಿಯ ರಕ್ತದಲ್ಲಿ ಬಿ ಇರಲಿಲ್ಲ. ಹಾಗಾದರೆ ಹೆಪಟೈಟಿಸ್‌ನ ಇನ್ನೊಂದು ಬಗೆಯಾದ ಎ ಇರಬೇಕು ಎಂಬುದು ಎಲ್ಲರ ಊಹೆ.

1973ರಲ್ಲಿ ಅದೇ ಸಂಸ್ಥೆಯ ಸ್ಟೀಫನ್ ಫೀನ್‌ಸ್ಟೋನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೆಪಟೈಟಿಸ್ ಎ ವೈರಸ್ಸನ್ನು ಹಿಡಿದರು. ಆಲ್ಟರ್ ಫ್ರೀಜರ್ ತೆರೆದರು. ಬಿ ಇಲ್ಲದ 22 ರೋಗಿಗಳ ಮಾದರಿಗಳನ್ನು ಹೊರತೆಗೆದು ಪರೀಕ್ಷಿಸಿದಾಗ ಒಬ್ಬರಲ್ಲಾದರೂ ಎ ಸಿಗಲಿಲ್ಲ. 1975ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮೂರನೆಯದೊಂದು ಇದೆಯೆಂಬುದು ನಿಶ್ಚಯವಾಗಿತ್ತು. ಆದರೆ ಕಣ್ಣಿಗೆ ಕಾಣದ್ದಕ್ಕೆ ಸಿ ಎಂದು ಹೆಸರಿಡಲು ಮನಸ್ಸು ಒಪ್ಪಲಿಲ್ಲ. ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂದೇ ಕರೆದರು. ಏನು ಅಲ್ಲವೋ ಅದನ್ನೇ ಹೆಸರಾಗಿ ಹೊತ್ತು ಆ ರೋಗ ಹದಿನಾಲ್ಕು ವರ್ಷ ಬದುಕಿತು.

ಇದು ಸೋಂಕೇ ಹೌದೋ ಅಲ್ಲವೋ ಎಂಬ ಅನುಮಾನ 1978ರಲ್ಲಿ ಬಗೆಹರಿಯಿತು. ನಾಲ್ವರು ರೋಗಿಗಳ ಮತ್ತು ಒಬ್ಬ ರಕ್ತದಾನಿಯ ರಕ್ತವನ್ನು ಐದು ಚಿಂಪಾಂಜಿಗಳಿಗೆ ಚುಚ್ಚಿದರು. ಐದಕ್ಕೆ ಐದರ ಲಿವರೂ ಊದಿಕೊಂಡಿತು. ಆ ಮೂಕಪ್ರಾಣಿಗಳ ಋಣ ಈ ಕತೆಯ ಪುಟಪುಟದಲ್ಲೂ ಇದೆ. ಮನುಷ್ಯನನ್ನು ಬಿಟ್ಟರೆ ಈ ರೋಗ ತಗಲುತ್ತಿದ್ದದ್ದು ಅವುಗಳಿಗೇ, ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಅದು ಬೆಳೆಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕೆಟ್ಟ ಸುದ್ದಿ ನಿಧಾನವಾಗಿ ಹೊರಬಿತ್ತು. ಕಾಮಾಲೆಯೂ ಬಾರದ ಈ ಕಾಯಿಲೆಯನ್ನು ಬಹಳ ವೈದ್ಯರು ಹಗುರವಾಗಿ ಕಂಡಿದ್ದರು. ಆಲ್ಟರ್ ಹಳೆಯ ರೋಗಿಗಳನ್ನು ಬಿಡಲಿಲ್ಲ, ವರ್ಷಗಟ್ಟಲೆ ಕರೆಸಿ ಪರೀಕ್ಷಿಸಿದರು. ಆರಾಮಾಗಿ ಕೆಲಸಕ್ಕೆ ಹೋಗಿ ಬರುತ್ತಿದ್ದವರ ಲಿವರಿನಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದರೆ ಅಲ್ಲಿ ಗಾಯದ ಗುರುತುಗಳು, ಕೆಲವರಲ್ಲಿ ಆಗಲೇ ಗಂಟು ಕಟ್ಟಿದ ಸಿರೋಸಿಸ್. ಏನೂ ಆಗಿಲ್ಲವೆಂದು ನಂಬಿ ಬದುಕುತ್ತಿದ್ದ ಮನುಷ್ಯನಿಗೆ ಈ ಮಾತನ್ನು ಹೇಳಬೇಕಿತ್ತು. ಕಾರಣ ಯಾವುದು, ಔಷಧಿ ಯಾವುದು, ಹೆಂಡತಿ ಮಕ್ಕಳಿಗೆ ಅಂಟುತ್ತದೆಯೇ ಎಂಬ ಪ್ರಶ್ನೆಗಳಿಗೆ ವೈದ್ಯರ ಬಳಿ ಗಟ್ಟಿ ಉತ್ತರ ಇರಲಿಲ್ಲ. 1986ರಲ್ಲಿ ಜೇ ಹೂಫ್‌ನೇಗಲ್ ಮತ್ತು ಸಂಗಡಿಗರು ಶತ್ರುವಿನ ಮುಖ ಕಾಣದೆಯೇ ಕೆಲವು ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಟ್ಟು ನೋಡಿದರು. ಕೆಲವರ ಲಿವರ್ ಚೇತರಿಸಿತು. ಕತ್ತಲಲ್ಲಿ ಎಸೆದ ಆ ಕಲ್ಲು ಗುರಿ ತಾಗಿದ್ದು ಹೇಗೆಂದು ಮಾತ್ರ ಆಗ ಹೇಳಲಾಗಲಿಲ್ಲ.

ಈ ವರ್ಷಗಳಲ್ಲಿ ವೈರಸ್ಸನ್ನು ಕಂಡೆವೆಂದು, ಪರೀಕ್ಷೆ ಸಿದ್ಧವಾಯಿತೆಂದು ಹೇಳಿಕೊಂಡವರು ಒಬ್ಬಿಬ್ಬರಲ್ಲ. ಆಲ್ಟರ್ ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ರೋಗ ಹರಡಿದ್ದು ಖಚಿತವಾಗಿದ್ದ ರಕ್ತ, ಯಾರಿಗೂ ಏನೂ ಮಾಡದ ರಕ್ತ, ಎರಡನ್ನೂ ಕಲಸಿ, ಬರೀ ಸಂಖ್ಯೆ ಅಂಟಿಸಿದ ಸೀಸೆಗಳ ಕಟ್ಟೊಂದನ್ನು ಕಳಿಸುತ್ತಿದ್ದರು. ಒಂದೇ ರಕ್ತ ಎರಡು ಸಂಖ್ಯೆಗಳಲ್ಲಿಯೂ ಇರುತ್ತಿತ್ತು. ಒಂದು ಸೀಸೆಯಲ್ಲಿ ರೋಗ ಕಂಡವರಿಗೆ ಅದೇ ರಕ್ತದ ಇನ್ನೊಂದು ಸೀಸೆಯಲ್ಲಿ ಕಾಣುತ್ತಿರಲಿಲ್ಲ. ಬಂದವರೆಲ್ಲ ಆ ಹೊಸ್ತಿಲಲ್ಲೇ ಎಡವಿ ಬಿದ್ದರು.

1982ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನ ಕೈರಾನ್ ಎಂಬ ಹೊಸ ಕಂಪನಿಗೆ ಮೈಕೆಲ್ ಹೌಟನ್ ಸೇರಿದರು. ಲಂಡನ್ನಿನ ಲಾರಿ ಚಾಲಕರೊಬ್ಬರ ಮಗ ಆತ. ಹದಿನೇಳನೆಯ ವಯಸ್ಸಿನಲ್ಲಿ ಲೂಯಿ ಪಾಶ್ಚರ್ ಬಗ್ಗೆ ಓದಿ ಸೂಕ್ಷ್ಮಜೀವಿಗಳ ಹಿಂದೆ ಬಿದ್ದಿದ್ದರು. ಸಿಂಗಪುರ ಮೂಲದ ಕ್ವಿ-ಲಿಮ್ ಚೂ ಅವರ ಜೊತೆಯಾದರು. ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಿಂದ ಡೇನಿಯಲ್ ಬ್ರಾಡ್ಲಿ ಸೋಂಕಿತ ಚಿಂಪಾಂಜಿಗಳ ರಕ್ತ, ಲಿವರ್ ಕಳಿಸಿಕೊಡುತ್ತಿದ್ದರು. ವೈರಸ್ಸನ್ನು ಕಣ್ಣಿಂದ ನೋಡಲು ಬಾರದಿದ್ದರೆ ಬೇಡ, ಅದರ ವಂಶವಾಹಿಯನ್ನೇ ಹಿಡಿಯೋಣ ಎಂಬುದು ಇವರ ಹಟ.

ಹಟಕ್ಕೆ ದಾರಿ ಸಿಗಲಿಲ್ಲ. ಸೋಂಕಿತ ಲಿವರಿನಲ್ಲಿದ್ದು ಆರೋಗ್ಯವಂತ ಲಿವರಿನಲ್ಲಿ ಇಲ್ಲದ ವಂಶವಾಹಿ ತುಣುಕುಗಳನ್ನು ಹುಡುಕಿದರು. ಸಿಕ್ಕಿತೆಂದು ಹಿಗ್ಗಿದಾಗಲೆಲ್ಲ ಅದು ಚಿಂಪಾಂಜಿಯ ಸ್ವಂತ ವಂಶವಾಹಿಯೇ ಆಗಿರುತ್ತಿತ್ತು. ಮತ್ತೊಂದು ವಿಧಾನ, ಮಗದೊಂದು ವಿಧಾನ. ಕೋಟಿಗಟ್ಟಲೆ ತುಣುಕುಗಳನ್ನು ಜಾಲಾಡಿದರು. ವರ್ಷಗಳು ಉರುಳಿದವು, ಕೈಯಲ್ಲಿ ತೋರಿಸಲು ಒಂದೂ ಇರಲಿಲ್ಲ. ರಾಗಿ ಕಣಜದಲ್ಲಿ ಒಂದೇ ಒಂದು ಸಾಸಿವೆ ಹುಡುಕುವುದಾದರೂ ಸುಲಭ. ಸಾಸಿವೆ ಹೇಗಿರುತ್ತದೆಂದು ಹುಡುಕುವವನಿಗೆ ಗೊತ್ತಿರುತ್ತದೆ.

ಪಕ್ಕದ ಪ್ರಯೋಗಾಲಯದಲ್ಲಿ ಜಾರ್ಜ್ ಕುವೊ ಬೇರೆಯದೇ ಕೆಲಸದಲ್ಲಿದ್ದರು. ನೆರೆಯವರ ಪರದಾಟ ನೋಡಿ ಅವರು ಒಂದು ಸಲಹೆ ಕೊಟ್ಟರು, ಬ್ರಾಡ್ಲಿಯ ಒತ್ತಾಸೆಯೂ ಅದಕ್ಕಿತ್ತು. ಕಳ್ಳನನ್ನು ಕಂಡವರಿಲ್ಲ ನಿಜ, ಆದರೆ ಅವನು ಹೊಕ್ಕ ಮನೆಗೆ ಅವನ ಗುರುತಿದ್ದೀತು. ರೋಗಿಯ ರಕ್ತ ವೈರಸ್ಸಿಗೆದುರಾಗಿ ಪ್ರತಿಕಾಯಗಳನ್ನು ಮಾಡಿಟ್ಟುಕೊಂಡಿದ್ದರೆ ಅವುಗಳನ್ನೇ ಗಾಳವಾಗಿ ಬಳಸಬಹುದು. ಇದು ದೊಡ್ಡ ಜೂಜು. ಅಂಥ ಪ್ರತಿಕಾಯ ಇದೆಯೆಂಬುದಕ್ಕೇ ಪುರಾವೆ ಇರಲಿಲ್ಲ. ಇಲ್ಲದಿದ್ದರೆ ತಿಂಗಳುಗಳ ದುಡಿಮೆ ಮಣ್ಣುಪಾಲು.

ಒಪ್ಪಿಕೊಂಡರು. ವೈರಸ್ ದಟ್ಟವಾಗಿದ್ದ ಚಿಂಪಾಂಜಿ ರಕ್ತದಿಂದ ಇದ್ದಬದ್ದ ವಂಶವಾಹಿ ವಸ್ತುವನ್ನೆಲ್ಲ ಹಿಂಡಿ ತೆಗೆದು, ಚೂರು ಚೂರಾಗಿ ಡಿಎನ್ಎ ನಕಲು ಮಾಡಿ, ಬ್ಯಾಕ್ಟೀರಿಯಾಗಳೊಳಗೆ ಸೇರಿಸಿದರು. ತಟ್ಟೆಯ ಮೇಲೆ ಮೂಡಿದ ಒಂದೊಂದು ಚುಕ್ಕೆಯೂ ಒಂದೊಂದು ಚೂರಿನ ಪ್ರೋಟೀನನ್ನು ಮಾಡುತ್ತಿತ್ತು. ಮೇಲೆ ರೋಗಿಯೊಬ್ಬರ ಸೀರಂ ಹರಿಸಿದರು. ಎಲ್ಲಿ ಪ್ರತಿಕಾಯ ಅಂಟಿಕೊಳ್ಳುತ್ತದೋ ಅಲ್ಲೇ ಕಳ್ಳನ ಹೆಜ್ಜೆ. ಸುಮಾರು ಹತ್ತು ಲಕ್ಷ ಚುಕ್ಕೆಗಳನ್ನು ಹೀಗೆ ಸೋಸಿದ ಮೇಲೆ ಪ್ರತಿಯೊಂದು ಪರೀಕ್ಷೆಯಲ್ಲೂ ಗಟ್ಟಿಯಾಗಿ ನಿಂತದ್ದು ಒಂದೇ ಒಂದು. 5-1-1 ಎಂಬುದು ಅದರ ಗುರುತು. ಅದರಲ್ಲಿದ್ದ ವೈರಸ್ಸಿನ ಚೂರು ಬರೀ 155 ಅಕ್ಷರ ಉದ್ದದ್ದು.

ಸುಟ್ಟುಕೊಂಡ ಕೈ ಮತ್ತೆ ಬೆಂಕಿ ಮುಟ್ಟುವಾಗ ನಡುಗುವುದು ಸಹಜ. ಇದೂ ಚಿಂಪಾಂಜಿಯದೇ ಇರಬಹುದಲ್ಲ? ಮನುಷ್ಯನ ಡಿಎನ್ಎಗೆ ಹೊಂದಿಸಿ ನೋಡಿದರು, ಹೊಂದಲಿಲ್ಲ. ಚಿಂಪಾಂಜಿಯದಕ್ಕೂ ಹೊಂದಲಿಲ್ಲ. ಸೋಂಕಿತ ಪ್ರಾಣಿಯಲ್ಲಿ ಮಾತ್ರ ಇದ್ದ, ಹತ್ತು ಸಾವಿರ ಅಕ್ಷರದಷ್ಟು ಉದ್ದದ ಆರ್‌ಎನ್‌ಎ ಎಳೆಯೊಂದಕ್ಕೆ ಅದು ಹೋಗಿ ಕೂತಿತು. ಆ ಎಳೆಯ ಅಕ್ಷರಗಳನ್ನು ಓದಿದಂತೆಲ್ಲ ವಂಶವೂ ಬಯಲಾಯಿತು. ಹಳದಿ ಜ್ವರ, ಡೆಂಗಿ, ನಮ್ಮ ಮಲೆನಾಡಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ, ಇವುಗಳ ವೈರಸ್ಸುಗಳಿಗೆ ಅದು ದೂರದ ನೆಂಟ.

ಉಳಿದದ್ದು ಆಲ್ಟರ್‌ರ ಹೊಸ್ತಿಲು. ಬೆಥೆಸ್ಡಾದಿಂದ ಸಂಖ್ಯೆ ಅಂಟಿಸಿದ ಸೀಸೆಗಳು ಬಂದವು, ಕೈರಾನ್ ಉತ್ತರ ಬರೆದು ಕಳಿಸಿತು. ಸಂಕೇತ ಬಿಡಿಸಿ ನೋಡಿದಾಗ, ಚಿಂಪಾಂಜಿಗಳಿಗೆ ರೋಗ ಹರಡಿದ್ದು ರುಜುವಾತಾಗಿದ್ದ ಏಳು ಮಾದರಿಗಳಲ್ಲಿ ಆರನ್ನು ಆ ಪರೀಕ್ಷೆ ಹಿಡಿದಿತ್ತು. ಅಷ್ಟು ಮಂದಿ ಎಡವಿದ ಹೊಸ್ತಿಲನ್ನು ಅದು ದಾಟಿತ್ತು. 1989ರ ಏಪ್ರಿಲ್ 21ರ ‘ಸೈನ್ಸ್’ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಒಂದರ ಮೊದಲ ಹೆಸರು ಚೂ, ಇನ್ನೊಂದರ ಮೊದಲ ಹೆಸರು ಕುವೊ. ಕಾದಿರಿಸಿದ್ದ ‘ಸಿ’ ಅಕ್ಷರ ಅಂದು ವೈರಸ್ಸಿನದಾಯಿತು. ಮರುವರ್ಷ ಅಮೆರಿಕದ ಬ್ಲಡ್ ಬ್ಯಾಂಕುಗಳಲ್ಲಿ ಪರೀಕ್ಷೆ ಶುರುವಾಯಿತು. 1992ರಲ್ಲಿ ಇನ್ನೂ ಚುರುಕಾದ ಪರೀಕ್ಷೆ ಬಂದು, ಕೆಲವೇ ವರ್ಷಗಳಲ್ಲಿ ಆಲ್ಟರ್‌ರ ಲೆಕ್ಕದ ಪುಸ್ತಕದಲ್ಲಿ ರಕ್ತದಿಂದ ಬರುವ ಹೆಪಟೈಟಿಸ್ ಸೊನ್ನೆಯ ಹತ್ತಿರಕ್ಕೆ ಬಂತು.

ಒಂದು ಎಳೆ ಬಾಕಿ ಇತ್ತು. ಆ ಆರ್‌ಎನ್‌ಎ ಒಂದೇ ರೋಗ ತರಬಲ್ಲದೇ? ಸೇಂಟ್ ಲೂಯಿಯಲ್ಲಿ ಚಾರ್ಲ್ಸ್ ರೈಸ್ ಪ್ರಯೋಗಾಲಯದಲ್ಲೇ ಅದನ್ನು ಹೊಸೆದು ಚಿಂಪಾಂಜಿಯ ಲಿವರಿಗೆ ಚುಚ್ಚಿದರು. ರೋಗ ಬರಲಿಲ್ಲ. ಎಳೆಯ ತುದಿಯಲ್ಲಿ ಯಾರ ಗಮನಕ್ಕೂ ಬಾರದ ಒಂದು ಭಾಗ ಬಿಟ್ಟುಹೋಗಿತ್ತು. ನಕಲಾಗುವಾಗ ವೈರಸ್ ಮಾಡಿಕೊಳ್ಳುವ ತಪ್ಪುಗಳೂ ಅಡ್ಡ ಬರುತ್ತಿದ್ದವು. ತುದಿ ಸೇರಿಸಿ, ತಪ್ಪು ತಿದ್ದಿ ಚುಚ್ಚಿದಾಗ, 1997ರಲ್ಲಿ, ಚಿಂಪಾಂಜಿಗೆ ಹೆಪಟೈಟಿಸ್ ಬಂತು. 2013ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿ ಬಂದಾಗ, ಚೂ ಮತ್ತು ಕುವೊ ಅವರನ್ನು ಸೇರಿಸಲಿಲ್ಲವೆಂದು ಹೌಟನ್ ಅದನ್ನು ನಿರಾಕರಿಸಿದರು. 2020ರ ನೊಬೆಲ್ ಆಲ್ಟರ್, ಹೌಟನ್, ರೈಸ್ ಮೂವರಿಗೆ ಬಂತು. ನೊಬೆಲ್ ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವುದಿಲ್ಲ. ಚೂ, ಕುವೊ, ಬ್ರಾಡ್ಲಿ ಹೊರಗುಳಿದರು.

ಇಷ್ಟು ವರ್ಷ ಅದು ಅಡಗಿದ್ದು ಹೇಗೆಂಬುದಕ್ಕೂ ಉತ್ತರ ಸಿಕ್ಕಿತು. ಈ ವೈರಸ್ ಲಿವರಿನ ಕೋಶವನ್ನು ಥಟ್ಟನೆ ಕೊಲ್ಲುವುದಿಲ್ಲ, ಒಳಗೇ ಬಿಡಾರ ಹೂಡುತ್ತದೆ. ತನ್ನ ಆರ್‌ಎನ್‌ಎಯನ್ನು ಅವಸರದಲ್ಲಿ ತಪ್ಪುತಪ್ಪಾಗಿ ನಕಲಿಸುತ್ತ ಹೊರವೇಷ ಬದಲಿಸುತ್ತದೆ. ಪ್ರತಿಕಾಯ ಹಳೆಯ ವೇಷವನ್ನು ಹುಡುಕುತ್ತಿರುವಾಗ ಅದು ಹೊಸ ವೇಷದಲ್ಲಿ ಓಡಾಡುತ್ತದೆ. ಲಸಿಕೆ ಇನ್ನೂ ಆಗದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಔಷಧಿ ಸಿಕ್ಕಿದ್ದೂ ಅದೇ ನಕಲು ಯಂತ್ರದಲ್ಲಿ. 2013ರ ಕೊನೆಗೆ ಬಂದ ಸೋಫೋಸ್‌ಬುವಿರ್ ಆ ಯಂತ್ರಕ್ಕೆ ಖೋಟಾ ಅಕ್ಷರವೊಂದನ್ನು ಕೊಡುತ್ತದೆ. ಅದು ಸೇರಿದ ಕಡೆಯಲ್ಲೇ ನಕಲು ನಿಂತುಹೋಗುತ್ತದೆ. ಅಮೆರಿಕದಲ್ಲಿ ಹನ್ನೆರಡು ವಾರದ ಮಾತ್ರೆಗೆ 84,000 ಡಾಲರ್ ಬೆಲೆ ಇಟ್ಟಾಗ ಬಡವರ ಎದೆ ಒಡೆದಿತ್ತು. 2014ರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ ಸೇರಿದಂತೆ ಭಾರತದ ಕೆಲವು ಕಂಪನಿಗಳಿಗೆ ತಯಾರಿಸುವ ಪರವಾನಗಿ ಸಿಕ್ಕಿ ಬೆಲೆ ಇಳಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯೂ ಬಂತು. ಆ ದಿನ ಬ್ಲುಂಬರ್ಗ್ ಹುಟ್ಟಿದ ದಿನ.

ಮಾತ್ರೆ ಮುಗಿಸಿದ ರೋಗಿ ಹನ್ನೆರಡು ವಾರ ಕಾದು ಮತ್ತೆ ರಕ್ತ ಕೊಡುತ್ತಾನೆ. ಆರ್‌ಎನ್‌ಎ ಕಾಣದಿದ್ದರೆ ವಾಸಿಯಾಯಿತೆಂದೇ ಲೆಕ್ಕ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಹಾಗೇ ಆಗುತ್ತದೆ. ಸಿರೋಸಿಸ್ ಆಗಿದ್ದವರು ಮಾತ್ರ ಆಮೇಲೂ ಆರಾರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಪ್ರತಿಕಾಯದ ಪರೀಕ್ಷೆ ಮಾಡಿದರೆ ವಾಸಿಯಾದವರಲ್ಲೂ ‘ಪಾಸಿಟಿವ್’ ಎಂದೇ ಬಂದು ಕೆಲವರು ಗಾಬರಿಯಾಗುತ್ತಾರೆ. ಅದು ಕಾಯಿಲೆಯಲ್ಲ. ಕುವೊ ಮತ್ತು ಚೂ ಗಾಳವಾಗಿ ಬಳಸಿದ ಅದೇ ಪ್ರತಿಕಾಯ, ಕಳ್ಳ ಮನೆ ಬಿಟ್ಟು ಹೋದ ಎಷ್ಟೋ ವರ್ಷದ ಮೇಲೂ ಅವನ ಗುರುತನ್ನು ಹಿಡಿದುಕೊಂಡು ರಕ್ತದಲ್ಲಿ ಓಡಾಡುತ್ತಲೇ ಇರುತ್ತದೆ.