ತವುಡಿನೊಡನೆ ಹೊರಟುಹೋಗುವ ಅನ್ನಾಂಗ

ಬೇಸಾಯಗಾರನು ಗಿರಣಿಗೆ ಒಯ್ದ ಭತ್ತದಿಂದ ಅಕ್ಕಿಯು ಮನೆಗೂ ತವುಡು ಕೊಟ್ಟಿಗೆಗೂ ಸೇರುತ್ತವೆ. ಬೆಳ್ಳಗಿರುವ ಅಕ್ಕಿಯೇ ಮೇಲಾದುದೆಂಬ ಭಾವನೆಯು ಜನರಲ್ಲಿ ಬೇರೂರಿರುವುದರಿಂದ ಕಾಳನ್ನು ಮತ್ತೆ ಮತ್ತೆ ಉಜ್ಜಿ ಮೆರುಗುಕೊಡುವುದು ವಾಡಿಕೆಯಾಗಿದೆ. ಹೀಗೆ ಉಜ್ಜುವಾಗ, ದೇಹಕ್ಕೆ ಅತ್ಯವಶ್ಯಕವಾದ 'ಬಿ' ವರ್ಗದ ಅನ್ನಾಂಗಗಳಲ್ಲಿ, ಅಂದರೆ ವಿಟಮಿನ್ನುಗಳಲ್ಲಿ, ಬಹುಭಾಗವು ತವುಡಿನೊಡನೆ ಹೊರಟುಹೋಗುತ್ತದೆ.

ಈ ಸಂಗತಿಯು ಮೊದಲು ಬೆಳಕಿಗೆ ಬಂದುದು ಕೋಳಿಗಳಿಂದ. ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ರೋಗವು ಸೈನಿಕರನ್ನೂ ಸೆರೆಯಾಳುಗಳನ್ನೂ ಪೀಡಿಸುತ್ತಿದ್ದಿತು. ಅದರ ಕಾರಣವನ್ನು ಅರಸುತ್ತಿದ್ದ ಐಕ್‌ಮನ್ ಎಂಬ ಡಚ್ ವೈದ್ಯನು 1890ರ ಸುಮಾರಿಗೆ ತನ್ನ ಪ್ರಯೋಗಶಾಲೆಯ ಕೋಳಿಗಳು ಕಾಲುಗಳ ಸ್ವಾಧೀನ ತಪ್ಪಿ ಬೀಳುತ್ತಿದ್ದುದನ್ನು ಕಂಡನು. ಅವುಗಳಿಗೆ ಸೈನ್ಯದ ಆಸ್ಪತ್ರೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಹಾಕಲಾಗುತ್ತಿದ್ದಿತು. ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅಕ್ಕಿಯನ್ನು ಕೋಳಿಗಳಿಗೆ ಕೊಡಲೊಪ್ಪದಿರಲು, ಮೆರುಗಿಲ್ಲದ ಅಕ್ಕಿಯನ್ನು ತಿಂದು ಅವು ಚೇತರಿಸಿಕೊಂಡವು. ಬಿಳಿಯ ಅಕ್ಕಿಯಲ್ಲಿ ವಿಷವಿರಬೇಕೆಂದು ಐಕ್‌ಮನ್ನನು ಭಾವಿಸಿದನು. ವಿಷವಲ್ಲ, ತವುಡಿನಲ್ಲಿರುವ ಒಂದು ಪದಾರ್ಥದ ಅಭಾವವೇ ಕಾರಣವೆಂದು ಗ್ರೈನ್ಸ್ ಎಂಬವನು 1901ರಲ್ಲಿ ತಿಳಿಸಿದನು. 1926ರಲ್ಲಿ ಜಾವಾದಲ್ಲಿಯೇ ತವುಡಿನಿಂದ ಆ ಪದಾರ್ಥವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಲಾಯಿತು. ಅದೇ ಥಯಮಿನ್ ಅಥವಾ ಬಿ1 ಅನ್ನಾಂಗ.

ತಿಂದ ಅನ್ನದ ಪಿಷ್ಟವು ಶಕ್ತಿಯಾಗಿ ಮಾರ್ಪಡಬೇಕಾದರೆ ಥಯಮಿನ್ ಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದುದು ಒಂದು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಆದರೆ ದೇಹವು ಇದನ್ನು ಹೆಚ್ಚಾಗಿ ಕೂಡಿಡಲಾರದು. ಕೊರತೆಯುಂಟಾದರೆ ಹಸಿವು ಕುಂದಿ, ಕಾಲುಗಳು ಜೋಮುಹಿಡಿದು, ನರಗಳು ನಿಶ್ಶಕ್ತವಾಗುತ್ತವೆ. ಕೆಲವರಲ್ಲಿ ಮೈ ಬಾತು ಹೃದಯವು ಸೋಲುತ್ತದೆ. ತಾಯಿಯಲ್ಲಿ ಕೊರತೆಯಿದ್ದರೆ ಮೊಲೆಯುಣ್ಣುವ ಶಿಶುವಿನ ಪ್ರಾಣಕ್ಕೂ ಅಪಾಯವುಂಟು.

ಇದೇ ವರ್ಗದ ಇತರ ಅನ್ನಾಂಗಗಳ ಕೊರತೆಯೂ ಹಾನಿಕರವೇ. ರೈಬೊಫ್ಲೇವಿನ್ ಸಾಲದಿದ್ದರೆ ಬಾಯಿಯ ಅಂಚುಗಳು ಬಿರಿಯುತ್ತವೆ. ನಯಾಸಿನ್ ಸಾಲದಿದ್ದರೆ ಬಿಸಿಲು ತಾಗುವ ಚರ್ಮವು ಕಪ್ಪಾಗಿ ಒಡೆಯುತ್ತದೆ. ಫೋಲಿಕ್ ಆಮ್ಲ ಮತ್ತು ಬಿ12 ಸಾಲದಿದ್ದರೆ ರಕ್ತಹೀನತೆಯುಂಟಾಗುತ್ತದೆ. ಬಿ12 ಧಾನ್ಯಗಳಲ್ಲಿಯೂ ಸೊಪ್ಪಿನಲ್ಲಿಯೂ ದೊರೆಯದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ಬರತಕ್ಕುದು.

ತವುಡಿನ ಸಾರವನ್ನು ಕಾಳಿನಲ್ಲಿಯೇ ಉಳಿಸಿಕೊಳ್ಳುವ ಉಪಾಯವೊಂದು ದಕ್ಷಿಣ ಕನ್ನಡದವರಿಗೆ ಹಿಂದಿನಿಂದಲೂ ತಿಳಿದಿದೆ. ಕುಚ್ಚಲಕ್ಕಿಗಾಗಿ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅನಂತರ ಸಿಪ್ಪೆ ತೆಗೆಯುತ್ತಾರೆ. ಬೇಯುವಾಗ ಹೊರಪದರದ ಅನ್ನಾಂಗವು ಕಾಳಿನ ಒಳಕ್ಕೆ ಇಳಿಯುವುದರಿಂದ, ಮುಂದೆ ತವುಡು ಹೋದರೂ ಅದರ ಒಂದು ಭಾಗವು ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲಯದ ಕೂಲಿಗಾರರಲ್ಲಿ, ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಚೀನೀಯರು ಬೆರಿಬೆರಿಗೆ ತುತ್ತಾದರೆ, ಬೇಯಿಸಿದ ಭತ್ತದ ಅಕ್ಕಿಯನ್ನು ಉಣ್ಣುತ್ತಿದ್ದ ಭಾರತೀಯರು ಬಹುಮಟ್ಟಿಗೆ ಅದರಿಂದ ಪಾರಾಗಿದ್ದರು.

ಆದಕಾರಣ ಗೃಹಸ್ಥರು ಗಮನಿಸಬೇಕಾದ ಅಂಶಗಳು ಇವು: ಅಕ್ಕಿಗೆ ಅತಿಯಾಗಿ ಮೆರುಗುಕೊಡಿಸಬಾರದು. ತವುಡುಳಿದ ಅಕ್ಕಿಯು ಬೇಗನೆ ಕೆಡುವುದರಿಂದ ಭತ್ತವನ್ನು ಸ್ವಲ್ಪಸ್ವಲ್ಪವಾಗಿಯೇ ಗಿರಣಿಗೆ ಒಯ್ಯಬೇಕು. ಈ ಅನ್ನಾಂಗಗಳು ನೀರಿನಲ್ಲಿ ಕರಗುವುದರಿಂದ ಅಕ್ಕಿಯನ್ನು ಹಲವು ಸಲ ಉಜ್ಜಿ ತೊಳೆಯುವುದೂ, ಗಂಜಿಯನ್ನು ಬಸಿದು ಚೆಲ್ಲುವುದೂ ನಷ್ಟಕರ. ಬೇಳೆ ಬೇಗ ಬೇಯಲೆಂದು ಸೋಡಾ ಹಾಕಿದರೆ ಥಯಮಿನ್ ನಾಶವಾಗುತ್ತದೆ. ಅನ್ನದೊಡನೆ ರಾಗಿ, ಬೇಳೆಕಾಳು, ಕಡಲೆಕಾಯಿ, ಸೊಪ್ಪು ಮತ್ತು ಹಾಲು ಮೊಸರುಗಳೂ ಊಟದಲ್ಲಿರಬೇಕು. ಹೊಲದಲ್ಲಿ ಶ್ರಮಪಟ್ಟು ಬೆಳೆದ ಸತ್ತ್ವವನ್ನು ಬಿಳುಪಿನ ಆಸೆಗಾಗಿ ಗಿರಣಿಯಲ್ಲಿ ಬಿಟ್ಟುಬರುವುದು ವಿವೇಕವಲ್ಲ.