ಹಾವೇರಿಯಿಂದ ನಾರ್ಡಿಕ್ ನಗರಕ್ಕೆ ಒಂದು ಸೆಮಿಸ್ಟರ್: ಅಂದುಕೊಂಡದ್ದು ಮತ್ತು ಇರುವುದು

ಇಲ್ಲಿನ ಕಾಲೇಜಿನಲ್ಲಿ ಹೆಸರು ಉಳಿಸಿಕೊಂಡೇ ನಾಲ್ಕೈದು ತಿಂಗಳು ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳೊಂದಿಗೆ ಮರಳುವುದೇ ವಿನಿಮಯ ಸೆಮಿಸ್ಟರ್. ಸ್ವೀಡನ್, ಫಿನ್ಲೆಂಡ್, ನಾರ್ವೆ, ಡೆನ್ಮಾರ್ಕ್‌ನಂಥ ನಾರ್ಡಿಕ್ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಇದು ಹಳೆಯ ರೂಢಿ. ಹುಬ್ಬಳ್ಳಿ, ಸುರತ್ಕಲ್, ಮಣಿಪಾಲ, ಬೆಂಗಳೂರಿನಲ್ಲಿ ಓದುವ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಕ್ಕಳು ಈ ಮಾತನ್ನು ಮನೆಯಲ್ಲಿ ಎತ್ತಿದರೆ ಸಾಕು, ಹತ್ತು ಅಭಿಪ್ರಾಯಗಳು ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಕೆಲವು ನಿಜವಾದ ನೋವಿನಿಂದ ಬಂದವು, ಉಳಿದವು ಬರೀ ಗಾಳಿಮಾತು.

“ಹೊರದೇಶ ಅಂದ್ರ ನಮಗ ಖಾರ್ಕಿವ್ ನೆನಪಾಗ್ತದ”

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಸುಮಾರು ಮೂರು ವಾರದ ಮೇಲೆ ಪಾರ್ಥಿವ ಶರೀರ ಊರಿಗೆ ಬಂತು. ಹೆತ್ತವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಆ ದಿನಗಳನ್ನು ಕಂಡ ಜಿಲ್ಲೆಯಲ್ಲಿ ತಾಯಿಯೊಬ್ಬಳು ಹೆದರಿದರೆ ಆ ಹೆದರಿಕೆಯನ್ನು ಅಜ್ಞಾನ ಎನ್ನುವ ಹಕ್ಕು ಯಾರಿಗೂ ಇಲ್ಲ.

ಆದರೆ ಉಕ್ರೇನಿನ ಓದು, ವಿನಿಮಯ ಸೆಮಿಸ್ಟರ್ ಎರಡೂ ಒಂದೇ ಅಲ್ಲ. ಉಕ್ರೇನಿಗೆ ಹೋದವರು ಪೂರ್ತಿ ಪದವಿಗೆ ಹೋದವರು. ಓದೆಲ್ಲ ಅಲ್ಲಿನ ಕಾಲೇಜಿನಲ್ಲೇ ಇತ್ತು. ಅದಕ್ಕೇ ಯುದ್ಧದಿಂದ ಮರಳಿದವರು ಮುಂದಿನ ಓದಿಗೆ ಅಷ್ಟು ಪರದಾಡಿದರು. ವಿನಿಮಯಕ್ಕೆ ಹೋದವರ ಸೀಟು ಇಲ್ಲೇ ಇರುತ್ತದೆ, ಅರ್ಧಕ್ಕೆ ಬಂದರೂ ಓದು ಮುಂದುವರಿಯುತ್ತದೆ. ಯುದ್ಧದ ಭಯದ ಮಾತಿಗೆ ಬಂದರೆ, ಫಿನ್ಲೆಂಡಿಗೆ ರಷ್ಯಾದೊಂದಿಗೆ 1,300 ಕಿಲೋಮೀಟರಿಗೂ ಉದ್ದದ ಗಡಿ ಇದೆ ಎಂಬುದೂ ನಿಜ. ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನ್ಯಾಟೋ ಸೇನಾ ಒಕ್ಕೂಟ ಸೇರಿದವು. ಭದ್ರತೆಯ ಪ್ರಶ್ನೆಯನ್ನು ಮನೆಯವರು ಕೇಳಲೇಬೇಕು, ವಿಮೆ ಯಾವುದಕ್ಕೆಲ್ಲ ಅನ್ವಯಿಸುತ್ತದೆ ಎಂದು ಓದಿ ನೋಡಲೇಬೇಕು. ಕೇಳಿದ ಮೇಲೆ ಉತ್ತರವನ್ನೂ ಆಲಿಸಬೇಕು.

“ಹೊಲ ಮಾರಿದ್ರ ಅಷ್ಟ ಆಗೂ ಕೆಲಸ”

ಈ ಮಾತು ಪದವಿಯ ಲೆಕ್ಕದಿಂದ ಬಂದದ್ದು. ಯುರೋಪಿನ ಹೊರಗಿನವರಿಗೆ ಡೆನ್ಮಾರ್ಕ್ 2006ರಿಂದ, ಸ್ವೀಡನ್ 2011ರಿಂದ, ಫಿನ್ಲೆಂಡ್ 2017ರಿಂದ, ನಾರ್ವೆ 2023ರಿಂದ ಬೋಧನಾ ಶುಲ್ಕ ಹಾಕುತ್ತಿವೆ. ವಿನಿಮಯ ವಿದ್ಯಾರ್ಥಿಗೆ ಆ ಶುಲ್ಕ ಇಲ್ಲ. ಇಲ್ಲಿನ ಕಾಲೇಜಿಗೆ ಕಟ್ಟುವ ಶುಲ್ಕವನ್ನೇ ಕಟ್ಟುತ್ತಾನೆ, ಅಲ್ಲಿನವರು ಅವನಿಂದ ಬೋಧನೆಗೆ ಹಣ ಕೇಳುವುದಿಲ್ಲ.

ಹಾಗೆಂದು ಖರ್ಚೇ ಇಲ್ಲವೆಂದು ಹೇಳಿದರೆ ಅದು ಇನ್ನೊಂದು ಸುಳ್ಳು. ವಿಮಾನ, ವಿಮೆ, ವಾಸದ ಪರವಾನಗಿ, ಬಾಡಿಗೆ, ಊಟ ಎಲ್ಲ ನಮ್ಮದೇ. ಫಿನ್ಲೆಂಡ್ ಈಗ ತಿಂಗಳಿಗೆ 800 ಯೂರೋ ಖಾತೆಯಲ್ಲಿರಬೇಕು ಎನ್ನುತ್ತದೆ. ನಮ್ಮ ಹಣದಲ್ಲಿ ಮುಕ್ಕಾಲು ಲಕ್ಷದ ಆಸುಪಾಸು. ಐದು ತಿಂಗಳಿಗೆ ಗುಣಿಸಿದರೆ ಬ್ಯಾಡಗಿಯ ಮೆಣಸಿನಕಾಯಿ ರೈತನಿಗೆ ಅದು ಸಣ್ಣ ಮೊತ್ತವಲ್ಲ. ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಡಿ ಆಯ್ಕೆಯಾದರೆ ನಾರ್ಡಿಕ್ ದೇಶಗಳಿಗೆ ತಿಂಗಳಿಗೆ ಸುಮಾರು 900 ಯೂರೋ ವಿದ್ಯಾರ್ಥಿವೇತನ, ಜೊತೆಗೆ ಪ್ರಯಾಣದ ಖರ್ಚಿಗೂ ನೆರವು ಸಿಗುತ್ತದೆ. ಆದರೆ ಅದಕ್ಕೆ ಎರಡೂ ವಿಶ್ವವಿದ್ಯಾಲಯಗಳು ಮೊದಲೇ ಆ ಯೋಜನೆಯಲ್ಲಿ ಜೊತೆಯಾಗಿರಬೇಕು.

“ಮಾರ್ಕ್ಸ್ ಚೊಲೋ ಇದ್ರ ಹುಡುಗ ತಾನ ಅರ್ಜಿ ಹಾಕ್ತಾನ”

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ತಪ್ಪು ತಿಳಿವಳಿಕೆ ಇದೇ. ವಿನಿಮಯಕ್ಕೆ ವಿದ್ಯಾರ್ಥಿ ತಾನಾಗಿ ಹೋಗಲಾರ. ಅವನ ಕಾಲೇಜು ಹೆಸರು ಸೂಚಿಸಬೇಕು. ಕಾಲೇಜು ಸೂಚಿಸಬೇಕಾದರೆ ಎರಡೂ ಕಡೆ ಸಹಿಯಾದ ಒಪ್ಪಂದ ಇರಬೇಕು. ಒಪ್ಪಂದ ಇಲ್ಲದ ಕಾಲೇಜಿನಲ್ಲಿ ಚಿನ್ನದ ಪದಕ ಪಡೆದವನಿಗೂ ಈ ಬಾಗಿಲು ತೆರೆಯದು.

ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿರಲಿ, ಹನುಮನಮಟ್ಟಿಯ ಕೃಷಿ ಕಾಲೇಜಿರಲಿ, ಪದವಿ ಕೊಡುವುದು ಬೆಳಗಾವಿಯ, ಧಾರವಾಡದ ವಿಶ್ವವಿದ್ಯಾಲಯ. ಇಂಥ ಕಾಲೇಜಿನ ಪ್ರಾಂಶುಪಾಲರಿಗೆ ಮನಸ್ಸಿದ್ದರೂ, ಹೊರಗಿನ ಕ್ರೆಡಿಟ್ ಒಪ್ಪುವ ಅಧಿಕಾರ ಮೇಲಿನ ವಿಶ್ವವಿದ್ಯಾಲಯದ್ದು. ನಮ್ಮ ಜಿಲ್ಲೆಯ ಮಕ್ಕಳಿಗೆ ಅಡ್ಡಿಯಾಗಿರುವುದು ಬುದ್ಧಿಯ ಕೊರತೆಯಲ್ಲ, ಈ ಸಹಿಯ ಕೊರತೆ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ಪಕ್ಕದಲ್ಲಿ ಕೃಷಿ ಓದುವವರಿಗೆ ಉಪ್ಸಲಾದಲ್ಲಿರುವ ಸ್ವೀಡಿಷ್ ಕೃಷಿ ವಿಜ್ಞಾನ ವಿಶ್ವವಿದ್ಯಾಲಯದಂಥ ಕಡೆ ಒಂದು ಸೆಮಿಸ್ಟರ್ ಎಷ್ಟು ಉಪಯೋಗಕ್ಕೆ ಬಂದೀತು!

ಒಪ್ಪಂದ ಇದ್ದರೂ ಇನ್ನೊಂದು ಹಂತ ಉಳಿಯುತ್ತದೆ. ಯುರೋಪಿನಲ್ಲಿ ಸೆಮಿಸ್ಟರಿಗೆ 30 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ದುಡಿಮೆ. ನಮ್ಮ ಲೆಕ್ಕವೇ ಬೇರೆ. ಅಲ್ಲಿ ಓದುವ ಯಾವ ವಿಷಯ ಇಲ್ಲಿನ ಯಾವ ವಿಷಯಕ್ಕೆ ಸಮ ಎಂಬ ಕಾಗದಕ್ಕೆ ವಿದ್ಯಾರ್ಥಿ, ಇಲ್ಲಿನ ವಿಭಾಗ, ಅಲ್ಲಿನ ವಿಭಾಗ ಮೂವರೂ ಹೊರಡುವ ಮೊದಲೇ ಸಹಿ ಹಾಕಬೇಕು. “ಬಂದ ಮ್ಯಾಲೆ ನೋಡೂಣು” ಎಂಬ ಬಾಯಿಮಾತನ್ನು ನಂಬಿ ಹೊರಟರೆ ಮರಳಿದ ಮೇಲೆ ಅದೇ ಸೆಮಿಸ್ಟರನ್ನು ಮತ್ತೆ ಓದಬೇಕಾದೀತು.

“ಹಿಮದಾಗ ಬದುಕೂದು ಹ್ಯಾಂಗ?”

ಚಳಿಗೆ ಉತ್ತರ ಇದೆ. ಮನೆ, ಬಸ್ಸು, ತರಗತಿ ಎಲ್ಲ ಬೆಚ್ಚಗಿರುತ್ತವೆ, ಒಳ್ಳೆಯ ಕೋಟು ಮತ್ತು ಬೂಟು ಸಾಕು. ಅಟ್ಲಾಂಟಿಕ್‌ನ ಬಿಸಿನೀರಿನ ಪ್ರವಾಹದಿಂದ ನಾರ್ವೆಯ ಬರ್ಗೆನ್‌ನಂಥ ಕರಾವಳಿ ಊರುಗಳಲ್ಲಿ ಚಳಿಗಾಲವೂ ಅಷ್ಟು ಕಠಿಣವಲ್ಲ. ಕಷ್ಟ ಕೊಡುವುದು ಕತ್ತಲೆ. ಡಿಸೆಂಬರ್ ಕೊನೆಗೆ ಹಾವೇರಿಗೆ ಹನ್ನೊಂದು ಗಂಟೆಗೂ ಮಿಕ್ಕಿ ಬೆಳಕಿದ್ದರೆ ಫಿನ್ಲೆಂಡಿನ ಹೆಲ್ಸಿಂಕಿಗೆ ಆರು ಗಂಟೆಯೂ ಇಲ್ಲ. ನಾರ್ವೆಯ ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೂಡುವುದೇ ಇಲ್ಲ. ಮನಸ್ಸು ಕುಗ್ಗುತ್ತದೆ, ನಿದ್ದೆ ಕೆಡುತ್ತದೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬಾರದು. ಆಯ್ಕೆ ಇದ್ದರೆ ಜನವರಿಯಿಂದ ಮೇ ತನಕದ ಸೆಮಿಸ್ಟರ್ ಲೇಸು. ಅದು ಕತ್ತಲೆಯಲ್ಲಿ ಶುರುವಾದರೂ ವಾರವಾರಕ್ಕೂ ಬೆಳಕು ಬೆಳೆಯುತ್ತದೆ. ಆಗಸ್ಟಿನಲ್ಲಿ ಹೋದವರಿಗೆ ಇದು ತಿರುವುಮುರುವು.

“ಶುದ್ಧ ಶಾಕಾಹಾರಿ ಹುಡುಗಿ, ಅಲ್ಲೆಲ್ಲಾ ಬರೇ ಕುಡಿಯೂದು ತಿನ್ನೂದು”

ಫಿನ್ಲೆಂಡಿನ ವಿದ್ಯಾರ್ಥಿ ಕ್ಯಾಂಟೀನುಗಳಲ್ಲಿ ಸರ್ಕಾರದ ಸಹಾಯಧನದಿಂದ ಸುಮಾರು 3 ಯೂರೋಗೆ ಮಧ್ಯಾಹ್ನದ ಊಟ ಸಿಗುತ್ತದೆ, ಸಸ್ಯಾಹಾರವೂ ಇರುತ್ತದೆ. ವಿದ್ಯಾರ್ಥಿ ವಸತಿಗಳಲ್ಲಿ ಹಂಚಿಕೊಳ್ಳುವ ಅಡುಗೆಮನೆ ಇರುವುದರಿಂದ ಅನ್ನ ಸಾರು ಮಾಡಿಕೊಳ್ಳಬಹುದು. ಒಣಗಿದ ಖಡಕ್ ರೊಟ್ಟಿ, ಬ್ಯಾಡಗಿ ಖಾರಪುಡಿ, ಶೇಂಗಾ ಚಟ್ನಿ ಒಯ್ಯಲು ತೊಡಕಿಲ್ಲ. ತುಪ್ಪ, ಧಾರವಾಡ ಪೇಡೆ ಮಾತ್ರ ಬೇಡ: ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದಕ್ಕೆ ಯುರೋಪಿನಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಕುಡಿತದ ವಿಷಯದಲ್ಲಿ ಸ್ವೀಡನ್ ಸಾಕಷ್ಟು ಬಿಗಿ. ಶೇ. 3.5ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವುದನ್ನು ಮನೆಗೆ ಕೊಳ್ಳಬೇಕಾದರೆ ಬಹುಮಟ್ಟಿಗೆ ಸರ್ಕಾರದ ಅಂಗಡಿಗೇ ಹೋಗಬೇಕು, ವಯಸ್ಸು 20 ಆಗಿರಬೇಕು. ಕುಡಿಯುವುದಿಲ್ಲ ಎಂದು ಹೇಳುವವರು ಅಲ್ಲಿನವರಲ್ಲೂ ಇದ್ದಾರೆ.

“ಪಾರ್ಟ್‌ಟೈಮ್ ಕೆಲಸ ಮಾಡಿ ಖರ್ಚು ತಗೀತಾನ, ಆಮ್ಯಾಲೆ ಅಲ್ಲೇ ಸೆಟ್ಲ್”

ಆಗದ ಮಾತು. ಫಿನ್ಲೆಂಡ್ ವಾರಕ್ಕೆ ಸರಾಸರಿ 30 ಗಂಟೆ, ನಾರ್ವೆ 20 ಗಂಟೆ ಕೆಲಸಕ್ಕೆ ಅವಕಾಶ ಕೊಡುತ್ತವೆ. ಆದರೆ ಪಾಠ ಇಂಗ್ಲಿಷಿನಲ್ಲಿ ನಡೆದರೂ ಅಂಗಡಿ, ಹೋಟೆಲಿನ ಕೆಲಸಕ್ಕೆ ಸ್ಥಳೀಯ ಭಾಷೆ ಕೇಳುತ್ತಾರೆ. ನಾಲ್ಕು ತಿಂಗಳಲ್ಲಿ ಭಾಷೆ ಬರುವುದಿಲ್ಲ, ಕೆಲಸವನ್ನು ನಂಬಿ ಸಾಲ ಮಾಡಬಾರದು. ತರಗತಿಗಳು ವಾರಕ್ಕೆ ಕೆಲವೇ ಗಂಟೆ ಇರುವುದನ್ನು ನೋಡಿ ಬಿಡುವು ಎಂದುಕೊಳ್ಳುವುದೂ ತಪ್ಪು. ಉಳಿದ ಸಮಯವೆಲ್ಲ ಓದು, ಗುಂಪುಕೆಲಸ, ಬರವಣಿಗೆಗೆ ಹೋಗುತ್ತದೆ. ನಕಲು ಸಿಕ್ಕಿಬಿದ್ದರೆ ಶಿಕ್ಷೆ ಖಚಿತ. ಇನ್ನು ನೆಲೆಸುವ ಮಾತು: ಸೆಮಿಸ್ಟರಿನ ಜೊತೆಗೇ ಪರವಾನಗಿಯೂ ಮುಗಿಯುತ್ತದೆ, ಪದವಿ ಮುಗಿಸಲು ಊರಿಗೆ ಬರಲೇಬೇಕು.

ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸಲು ಹೋಗುವ ತಂದೆತಾಯಿಯರಲ್ಲಿ ಒಂದು ವಿನಂತಿ. ಹಾಸ್ಟೆಲ್, ಪ್ಲೇಸ್‌ಮೆಂಟ್ ಬಗ್ಗೆ ಕೇಳುವಾಗಲೇ ಈ ಮೂರನ್ನೂ ಕೇಳಿ: ಯಾವ ವಿದೇಶಿ ವಿಶ್ವವಿದ್ಯಾಲಯದೊಂದಿಗೆ ಈಗ ಜಾರಿಯಲ್ಲಿರುವ ಒಪ್ಪಂದವಿದೆ, ಕಳೆದ ವರ್ಷ ಎಷ್ಟು ಮಂದಿ ಹೋಗಿಬಂದರು, ಅವರ ಕ್ರೆಡಿಟ್ ಪೂರ್ತಿ ಸೇರಿತೇ. ಆಗಸ್ಟಿನ ಸೆಮಿಸ್ಟರಿಗೆ ಹೆಸರು ಕಳಿಸುವುದು ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲಿ, ಜನವರಿಯದಕ್ಕೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ.